ರೋಹಿತಕ್ಕೆ ನಿಲುಕದ ಕ್ಷ-ಕಿರಣ ದೀಪಗಳು

ಮಳೆಗಾಲ ಕಳೆದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳಗಳ ಕಡಲತಡಿಯಲ್ಲಿ ರಾತ್ರಿ ನಿಂತವರಿಗೆ ಮೀನುದೋಣಿಗಳ ದೀಪಗಳು ಪರಿಚಿತವೇ. ಮಿಣುಕುವ ಚುಕ್ಕೆ ಹತ್ತಿರದ ಸಣ್ಣ ದೀಪವೋ, ದೂರದ ದೊಡ್ಡ ದೀಪವೋ? ಬರಿಗಣ್ಣಿನಿಂದ ಹೇಳುವುದು ಕಷ್ಟ. ಖಗೋಳಶಾಸ್ತ್ರಜ್ಞರನ್ನು ಕಾಡುವ ಪ್ರಶ್ನೆಯೂ ಇದೇ. ದೂರ ತಿಳಿಯದಿದ್ದರೆ ಆಕರದ ನಿಜವಾದ ಪ್ರಖರತೆ ತಿಳಿಯದು. ವಿಶ್ವದ ಯಾವ ಕಾಲದ ಬೆಳಕನ್ನು ನೋಡುತ್ತಿದ್ದೇವೆಂಬುದೂ ತಿಳಿಯದು.

ಕ್ಷ-ಕಿರಣಗಳನ್ನು ವಾಯುಮಂಡಲವು ಹೀರಿಬಿಡುವುದರಿಂದ ಉಪಕರಣವನ್ನು ಅದರಾಚೆಗೆ ಒಯ್ಯಬೇಕು. ಭಟ್ಕಳದ ದಕ್ಷಿಣಕ್ಕೆ, ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರಲ್ಲಿಯೇ ಇಂಥ ಉಪಕರಣವನ್ನು ಹೊತ್ತೊಯ್ದಿತು. ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗ ಕೆಲವೇ ದಿನಗಳಲ್ಲಿ ನಿಂತಿತು. ಭಾರತದ ಸ್ವಂತ ಖಗೋಳ ವೇಧಶಾಲೆ ಆಸ್ಟ್ರೋಸ್ಯಾಟ್ ಮೇಲೇರಿದುದು 2015ರಲ್ಲಿ. ನಲವತ್ತು ವರ್ಷಗಳ ಕಾಯುವಿಕೆ!

ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರಲ್ಲಿ ಏರಿದ ಚಂದ್ರಾ ದೂರದರ್ಶಕವು, ಹುಣ್ಣಿಮೆಯ ಚಂದ್ರಬಿಂಬಕ್ಕಿಂತ ಚಿಕ್ಕದಾದ ದಕ್ಷಿಣಾಕಾಶದ ಒಂದು ತುಣುಕನ್ನು ಒಟ್ಟು 70 ಲಕ್ಷ ಸೆಕೆಂಡು, ಎಂದರೆ ಸುಮಾರು 81 ದಿನ, ದಿಟ್ಟಿಸಿತು. 2017ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಆಕರಗಳಿವೆ. ಬಹುಪಾಲು ಗೆಲಾಕ್ಸಿಗಳ ನಡುವಣ ಕಪ್ಪುಕುಳಿಗಳು.

ದೂರವನ್ನು ಅರಿಯಲು ಸಾಮಾನ್ಯವಾಗಿ ಬೆಳಕನ್ನು ರೋಹಿತವಾಗಿ ಹರಡಿ, ಅದರ ರೇಖೆಗಳು ಕೆಂಪಿನತ್ತ ಎಷ್ಟು ಸರಿದಿವೆಯೆಂದು ಅಳೆಯುತ್ತಾರೆ. ಅತಿ ಮಂದವಾದ ಆಕರದಲ್ಲಿ ಇದು ಹಿಡಿ ಅವಲಕ್ಕಿಯನ್ನು ಊರಿಗೆಲ್ಲ ಹಂಚಿದಂತೆ. ಯಾವ ಬಣ್ಣದ ಪಾಲಿಗೂ ಸಾಕಷ್ಟು ಬೆಳಕು ಉಳಿಯದು.

ಆಗ ಬೆಳಕನ್ನು ಹರಡದೆ, ಕೆಲವೇ ಬಣ್ಣದ ಸೋಸುಗಾಜುಗಳ ಮೂಲಕ ಹೊಳಪನ್ನು ಅಳೆಯುವರು. ದೂರದ ಗೆಲಾಕ್ಸಿಯ ಅತಿನೇರಳೆ ಬೆಳಕನ್ನು ಜಲಜನಕವು ತಡೆದಿರುತ್ತದೆ. ಆ ಕೊರತೆಯು ಯಾವ ಗಾಜಿನಲ್ಲಿ ಕಂಡಿತೆಂಬುದೇ ದೂರದ ಸುಳಿವು. ಆದರೆ ಧೂಳು ಮುಸುಕಿದ ಹತ್ತಿರದ ಗೆಲಾಕ್ಸಿಯೂ ಕೆಂಪಾಗಿಯೇ ತೋರುವುದರಿಂದ ಇದು ಅಂದಾಜು ಮಾತ್ರ.

ಇನ್ನೊಂದು ಸಾಕ್ಷಿ ಕ್ಷ-ಕಿರಣದಲ್ಲೇ ಇದೆ. ಕಪ್ಪುಕುಳಿಯ ಸುತ್ತಣ ಕಬ್ಬಿಣವು 6.4 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಒಂದು ರೇಖೆಯನ್ನು ಹೊಮ್ಮಿಸುತ್ತದೆ. ಅದು 3.2ರಲ್ಲಿ ಕಂಡರೆ ಅಲೆಯುದ್ದವು ಇಮ್ಮಡಿಯಾಗಿದೆ. ಆ ಬೆಳಕು ಬಹುಮಟ್ಟಿಗೆ 800 ಕೋಟಿ ವರ್ಷ ಪಯಣಿಸಿದೆ. ಈ ರೇಖೆ ಎದ್ದು ಕಾಣುವಷ್ಟು ಕಿರಣಗಳು ಎಲ್ಲ ಆಕರಗಳಿಂದಲೂ ಬರುವುದಿಲ್ಲವೆಂಬುದೇ ತೊಡಕು. ಕೆಲವು ಆಕರಗಳಿಂದ ಇಷ್ಟು ದಿನಗಳ ದಿಟ್ಟಿಗೆ ದೊರೆತ ಕಣಗಳನ್ನು ಬೆರಳೆಣಿಸಿ ಮುಗಿಸಬಹುದು.