ಕೃತಕ ಸಮುದ್ರಜಲದಲ್ಲಿ ಏಕಕೋಶಜೀವಿಗಳ ಕೃಷಿ

ಸಮುದ್ರಜಲವು ಬರಿಯ ಲವಣದ್ರಾವಣವಾಗಿದ್ದರೆ, ಆ ಲವಣಗಳನ್ನು ತೂಗಿ ಶುದ್ಧಜಲದಲ್ಲಿ ಕರಗಿಸಿದೊಡನೆ ಅಲ್ಲಿಯ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯಬೇಕಷ್ಟೆ. ಇಂಗ್ಲೆಂಡಿನ ಪ್ಲಿಮತ್ ಪ್ರಯೋಗಶಾಲೆಯ ಇ. ಜೆ. ಅಲೆನ್ ಎಂಬವರು ಥಲಾಸಿಯೊಸೈರ ಎಂಬ ಡಯಾಟಮನ್ನು ಕುರಿತು 1914ರಲ್ಲಿ ಪ್ರಕಟಿಸಿದ ಫಲವು ಇದಕ್ಕೆ ವಿರುದ್ಧವಾಗಿದ್ದಿತು. ನೈಟ್ರೇಟು, ಫಾಸ್ಫೇಟುಗಳನ್ನು ಕೂಡಿಸಿದರೂ ಕೃತಕಜಲದಲ್ಲಿ ಬೆಳೆ ಸರಿಯಾಗಿ ಬರಲಿಲ್ಲ. ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆಯಾದ ಸಹಜ ಕಡಲನೀರನ್ನು ಬೆರೆಸಲು ಅದು ಹುಲುಸಾಗಿ ಬೆಳೆಯಿತು. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನಬಹುದು. ಆದರೆ ಹೆಪ್ಪಿನಲ್ಲಿ ಕೆಲಸ ಮಾಡುವುದು ಜೀವಾಣು, ಇಲ್ಲಿ ಬೇಕಾದುದು ಅತ್ಯಲ್ಪ ಪ್ರಮಾಣದ ಯಾವುದೋ ದ್ರವ್ಯ.

ಅಂಥ ದ್ರವ್ಯ ಒಂದೇ ಅಲ್ಲವೆಂಬುದು ಮುಂದೆ ತಿಳಿದುಬಂದಿತು. 1948ರಲ್ಲಿ ಬಿ12 ಜೀವಸತ್ವವನ್ನು ಬೇರ್ಪಡಿಸಿದ ಬಳಿಕ, ಕಡಲಿನ ಅನೇಕ ಏಕಕೋಶಸಸ್ಯಗಳಿಗೆ ಅದು ಅವಶ್ಯಕವೆಂದು ಗೊತ್ತಾಯಿತು. ರಾಬರ್ಟ್ ಗಿಲಾರ್ಡ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ‘ಎಫ್/2’ ಪೋಷಕದ್ರಾವಣದಲ್ಲಿ ಅದರ ಪ್ರಮಾಣ ಲೀಟರಿಗೆ ಕೇವಲ 0.5 ಮೈಕ್ರೊಗ್ರಾಂ. ಕಬ್ಬಿಣವು ಕಡಲನೀರಿನಲ್ಲಿ ಗಸಿಯಾಗಿ ತಳಕ್ಕಿಳಿದು ವ್ಯರ್ಥವಾಗುವುದರಿಂದ ಅದನ್ನು ಕರಗಿದಂತೆಯೇ ಹಿಡಿದಿಡುವ ಇ.ಡಿ.ಟಿ.ಎ. ಎಂಬ ದ್ರವ್ಯವೂ, ಡಯಾಟಮಿನ ಚಿಪ್ಪಿಗಾಗಿ ಸಿಲಿಕೇಟೂ ಅದರಲ್ಲಿ ಸೇರುತ್ತವೆ.

ಬಿ12ನ್ನು ಈ ಸಸ್ಯಗಳು ತಾವೇ ತಯಾರಿಸಲಾರವು. ಕಡಲಿನಲ್ಲಿ ಅದನ್ನು ಒದಗಿಸುವುವು ಬ್ಯಾಕ್ಟೀರಿಯ ಮೊದಲಾದುವು. ಆದುದರಿಂದ ಬ್ಯಾಕ್ಟೀರಿಯಗಳನ್ನು ಪೂರ್ಣವಾಗಿ ನೀಗಿ ಶುದ್ಧಗೊಳಿಸಿದ ಬೆಳೆಯು, ಹೊರಗಿನಿಂದ ಆ ಜೀವಸತ್ವವನ್ನು ಕೊಡದಿದ್ದರೆ, ಕೆಲವು ತಲೆಮಾರುಗಳಲ್ಲಿಯೇ ಸೊರಗಿಹೋಗುತ್ತದೆ.