ಕೆಂಪು ಗುಂಡಿಗೊಂದು ಬೀಗ

ನಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರಿನಲ್ಲಿ ಹಸಿರು, ಕೆಂಪು ಎರಡು ಗುಂಡಿಗಳಿವೆ. ನನ್ನ ತಂಗಿ ಆಟಕ್ಕೆ ಕೆಂಪು ಗುಂಡಿ ಒತ್ತಿ ಮೋಟಾರು ನಿಲ್ಲಿಸುತ್ತಿದ್ದಳು. ಅಪ್ಪ ಪೆಟ್ಟಿಗೆಗೆ ಬೀಗ ಹಾಕಿದರು. ಕಂಪ್ಯೂಟರಿಗೂ ಇಂಥ ಬೀಗ ಉಂಟು ಎಂದು ನನಗೆ ಗೊತ್ತಾಗಿದ್ದು ನಮ್ಮಣ್ಣನ ಫಜೀತಿಯಿಂದ.

ಅಣ್ಣ ಗುಬ್ಬಿಯ ಒಂದು ಆಫೀಸಿನಲ್ಲಿದ್ದಾನೆ. ಅವರ ಮುಖ್ಯ ಕಂಪ್ಯೂಟರು, ಅಂದರೆ ಸರ್ವರ್, ತುಮಕೂರಿನಲ್ಲಿದೆ. ಗುಬ್ಬಿಯವರೂ ಕುಣಿಗಲ್ಲಿನವರೂ ನೆಟ್ ಮೂಲಕ ಅದರಲ್ಲೇ ಲೆಕ್ಕ ಬರೆಯುತ್ತಾರೆ. ಅದು ಲಿನಕ್ಸ್ ಯಂತ್ರ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯುನಿಕ್ಸ್‌ನ ರೀತಿಯಲ್ಲೇ ಕೆಲಸ ಮಾಡುತ್ತದೆ. ಅಧಿಕಾರ ಇದ್ದವರು ‘ಶಟ್‌ಡೌನ್’ ಎಂದು ಟೈಪ್ ಮಾಡಿದರೆ ಯಂತ್ರ ಆಫ್.

ಒಂದು ಸಂಜೆ ಅಣ್ಣನ ಪರದೆಯಲ್ಲಿ ಎರಡು ಕಪ್ಪು ಕಿಟಕಿ ತೆರೆದಿದ್ದವು. ಒಂದು ತನ್ನ ಕಂಪ್ಯೂಟರಿನದು, ಇನ್ನೊಂದು ತುಮಕೂರಿನದು. ನೋಡಲು ಎರಡೂ ಒಂದೇ ಥರ. ತನ್ನದನ್ನು ಆಫ್ ಮಾಡಲು ಹೋಗಿ ತುಮಕೂರಿನದನ್ನು ಮಾಡಿಬಿಟ್ಟ! ಕುಣಿಗಲ್ಲಿನವರು ಅರ್ಧ ಬರೆದಿದ್ದ ಲೆಕ್ಕ ಹೋಯಿತು. ಆಫ್ ಆದ ಮೇಲೆ ಆ ಸರ್ವರ್ ದೂರದಿಂದ ಕರೆದರೆ ಏಳುತ್ತಿರಲಿಲ್ಲ. ಸುಮಾರು 20 ಕಿ.ಮೀ. ಬಸ್ಸಿನಲ್ಲಿ ಹೋಗಿ ಆನ್ ಮಾಡಿ ಬಂದ. ಕೆಲಸ ಹೋಗುತ್ತೇನೋ ಅಂತ ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಇದಕ್ಕೆ ಮದ್ದು ‘ಮಾಲಿ-ಗಾರ್ಡ್’. ಇದು ತೋಟದ ಮಾಲಿಯಲ್ಲ! ಮಾಲಿ ಒಬ್ಬ ಪ್ರೋಗ್ರಾಮರನ ಪುಟ್ಟ ಮಗಳು. ಐಬಿಎಂ 4341 ಎಂಬ ದೊಡ್ಡ ಕಂಪ್ಯೂಟರಿನ ಕೆಂಪು ಸ್ವಿಚ್ಚನ್ನು ಒಂದೇ ದಿನ ಎರಡು ಸಲ ಒತ್ತಿದಳಂತೆ. ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದರು. ನನ್ನ ತಂಗಿಗೆ ಸರಿಯಾದ ಜೋಡಿ.

ಅದೇ ಹೆಸರಿನ ತಂತ್ರಾಂಶ ಡೆಬಿಯನ್, ಉಬುಂಟುಗಳಲ್ಲಿ ಪುಕ್ಕಟೆ ಸಿಗುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದಿಂದ ಬಂದವರು ಶಟ್‌ಡೌನ್ ಅಥವಾ ರೀಬೂಟ್ ಎಂದರೆ, ಆ ಯಂತ್ರದ ಹೆಸರು ಬರೆಯಲು ಹೇಳುತ್ತದೆ. ಹೆಸರು ತಪ್ಪಾದರೆ ಯಂತ್ರ ಆಫ್ ಆಗುವುದಿಲ್ಲ. ‘ಆಫ್ ಮಾಡಲಾ?’ ಎಂದಷ್ಟೇ ಕೇಳಿದ್ದರೆ ಕೈ ಅಭ್ಯಾಸಬಲದಿಂದ ‘ಹೂಂ’ ಅಂದುಬಿಡುತ್ತಿತ್ತು. ಹೆಸರು ಬರೆಯಲು ತಲೆ ಓಡಿಸಲೇಬೇಕು. ಗುಟ್ಟು ಇಷ್ಟೇ.

ಇನ್ನೊಂದು ಉಪಾಯ: ‘ಶಟ್‌ಡೌನ್ +10’ ಎಂದು ಕೊಟ್ಟರೆ 10 ನಿಮಿಷ ಕಾಯುತ್ತದೆ. ಅಷ್ಟರೊಳಗೆ ತಪ್ಪು ತಿಳಿದರೆ ‘ಶಟ್‌ಡೌನ್ -ಸಿ’ ಎಂದು ರದ್ದು ಮಾಡಬಹುದು.

ಈಗ ಅಣ್ಣ ತುಮಕೂರಿನ ಯಂತ್ರಕ್ಕೆ ‘ದೇವರಾಯನದುರ್ಗ’, ತನ್ನದಕ್ಕೆ ‘ಶಿಂಷಾ’ ಎಂದು ಹೆಸರಿಟ್ಟಿದ್ದಾನೆ. ಸಾರ್, ನಮ್ಮ ಶಾಲೆಯ ಕಂಪ್ಯೂಟರುಗಳಿಗೂ ಒಂದೊಂದು ಹೆಸರು ಇಡೋಣವೇ?