ಗೊರಕೆಯ ನಡುವಿನ ಮೌನ

ತಾತ ಗೊರಕೆ ಹೊಡೆದರೆ ಮೊಮ್ಮಕ್ಕಳಿಗೆ ತಮಾಷೆ. ‘ರೈಲು ಬಂತು’ ಎಂದು ಒಬ್ಬ ನಕ್ಕರೆ, ಇನ್ನೊಬ್ಬಳು ‘ಕುಂಭಕರ್ಣ’ ಎಂದು ಹೆಸರಿಡುತ್ತಾಳೆ. ಅಜ್ಜಿ ಮಾತ್ರ ನಗುವುದಿಲ್ಲ. ಆ ರೈಲು ಒಮ್ಮೊಮ್ಮೆ ನಡುದಾರಿಯಲ್ಲಿ ನಿಂತುಬಿಡುತ್ತದೆ ಎಂಬುದು ಅವರಿಗೆ ಗೊತ್ತು. ಸದ್ದಿಲ್ಲ, ಉಸಿರೂ ಇಲ್ಲ. ಅಜ್ಜಿ ಗಾಬರಿಯಿಂದ ಎದ್ದು ಭುಜ ಅಲುಗಿಸಬೇಕು ಎನ್ನುವಷ್ಟರಲ್ಲಿ ತಾತ ಗರಕ್ಕನೆ ಗಾಳಿ ಎಳೆದುಕೊಂಡು, ಮಗ್ಗುಲು ಬದಲಿಸಿ, ಮತ್ತೆ ಶುರು ಹಚ್ಚುತ್ತಾರೆ. ಬೆಳಿಗ್ಗೆ ಕೇಳಿದರೆ ‘ಒಳ್ಳೆ ನಿದ್ದೆ ಬಂತು’ ಎನ್ನುತ್ತಾರೆ. ಹತ್ತು ಗಂಟೆಗೆ ಪೇಪರ್ ಕೈಯಲ್ಲಿ ಹಿಡಿದೇ ತೂಕಡಿಸುತ್ತಾರೆ.

ಗೊರಕೆಯ ಸದ್ದಿಗಿಂತ ಅದರ ನಡುವಿನ ಆ ಮೌನಕ್ಕೆ ಕಿವಿಗೊಟ್ಟ ವೈದ್ಯರೊಬ್ಬರಿದ್ದರು. ಹೆಸರು ಕ್ರಿಶ್ಚಿಯನ್ ಗೀಮಿನೋ. 1938ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಅವರು ನರರೋಗ ಮತ್ತು ಮನೋರೋಗ ಎರಡನ್ನೂ ಓದಿಕೊಂಡಿದ್ದರು. 1972ರ ಜನವರಿಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ವಿಲಿಯಂ ಡಿಮೆಂಟ್ ಎಂಬ ವೈದ್ಯರು ಎರಡು ವರ್ಷದ ಹಿಂದೆ ನಿದ್ರೆಗೆಂದೇ ಒಂದು ಕ್ಲಿನಿಕ್ ತೆರೆದಿದ್ದರು. ನಿದ್ದೆಗೂ ಒಬ್ಬ ಡಾಕ್ಟರೇ ಎಂದು ಜನ ಹುಬ್ಬೇರಿಸುತ್ತಿದ್ದ ಕಾಲ ಅದು.

ಆ ಕ್ಲಿನಿಕ್ಕಿನಲ್ಲಿ ರೋಗಿಯ ತಲೆಗೆ ತಂತಿ ಅಂಟಿಸಿ, ಇಡೀ ರಾತ್ರಿ ಮೆದುಳು ಏನು ಮಾಡುತ್ತದೆ ಎಂದು ಕಾಗದದ ಮೇಲೆ ಗೀಚಿಸುತ್ತಿದ್ದರು. ಗೀಮಿನೋ ಬಂದವರೇ, ಅದಷ್ಟೇ ಸಾಲದು, ಉಸಿರಾಟವನ್ನೂ ಹೃದಯದ ಬಡಿತವನ್ನೂ ಜೊತೆಗೇ ಅಳೆಯಬೇಕು ಎಂದು ಹಟ ಹಿಡಿದರು. ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು 1965ರಲ್ಲೇ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ದಾಖಲಿಸಿದ್ದರು. ಆದರೆ ಅದು ವಿಪರೀತ ದಪ್ಪಗಿರುವ ಕೆಲವರ ಅಪರೂಪದ ತೊಂದರೆ ಎಂದೇ ಹೆಚ್ಚಿನ ವೈದ್ಯರು ಭಾವಿಸಿದ್ದರು.

ಅಂಥ ಹೊತ್ತಿನಲ್ಲಿ ಅವರ ಬಳಿ ಬಂದವನು ಹತ್ತೂವರೆ ವರ್ಷದ ಒಬ್ಬ ಹುಡುಗ. ಆ ವಯಸ್ಸಿಗೇ ಅವನಿಗೆ ಬಿ.ಪಿ.! ಕಾರಣ ಯಾರಿಗೂ ತಿಳಿಯದು. ಹಗಲೆಲ್ಲ ನಿದ್ದೆಗಣ್ಣು, ರಾತ್ರಿಯೆಲ್ಲ ದೊಡ್ಡವರಂತೆ ಗೊರಕೆ. ಗೀಮಿನೋ ಅವನನ್ನು ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆ ಹತ್ತಿದೊಡನೆ ಹುಡುಗನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಎದೆ, ಹೊಟ್ಟೆ ಏರಿಳಿದು ಹೆಣಗಾಡುತ್ತಿದ್ದವು. ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಹೀಗೇಕಾಗುತ್ತದೆ? ಮಕ್ಕಳೇ, ನೆನೆದು ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಎಳನೀರನ್ನು ಜೋರಾಗಿ ಹೀರಿ ನೋಡಿ. ಸ್ಟ್ರಾದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೀರಿದಷ್ಟೂ ಬಿಗಿ. ನಾಲಿಗೆಯ ಹಿಂದಿನ ನಮ್ಮ ಗಂಟಲೂ ಅಂಥ ಮೆತ್ತನೆಯ ಕೊಳವೆಯೇ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಅಗಲವಾಗಿ ಹಿಡಿದಿರುತ್ತವೆ, ನಿದ್ದೆಯಲ್ಲಿ ಸಡಿಲ ಬಿಡುತ್ತವೆ. ದಾರಿ ಮೊದಲೇ ಕಿರಿದಾಗಿದ್ದರೆ ಪೂರ್ತಿ ಮುಚ್ಚುತ್ತದೆ. ಆಗ ರಕ್ತದಲ್ಲಿ ಆಮ್ಲಜನಕ ಇಳಿದು ಮೆದುಳು ಗಂಟೆ ಬಾರಿಸುತ್ತದೆ, ಎದೆ ದಡದಡ ಹೊಡೆದುಕೊಳ್ಳುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಒಂದು ಕ್ಷಣದ ಅರೆ ಎಚ್ಚರ, ಒಂದು ದೊಡ್ಡ ಉಸಿರು, ಮತ್ತೆ ನಿದ್ದೆ. ತೀವ್ರವಾಗಿದ್ದವರಿಗೆ ಇದು ಒಂದೇ ರಾತ್ರಿಯಲ್ಲಿ ನೂರಾರು ಸಲ ಆಗುತ್ತದೆ. ಮಲಗಿದವನಿಗೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಬಿ.ಪಿ. ಏರದೆ ಏನಾದೀತು?

ಆಗ ಇದಕ್ಕಿದ್ದ ಚಿಕಿತ್ಸೆ ಒಂದೇ, ಟ್ರಕಿಯಾಸ್ಟಮಿ. ಅಂದರೆ ಗಂಟಲಿನ ಕೆಳಗೆ ಕೊಳವೆಗೆ ತೂತು ಮಾಡಿ, ಅಲ್ಲಿಂದಲೇ ಉಸಿರಾಡುವಂತೆ ಮಾಡುವುದು. ಗೀಮಿನೋ ಅದನ್ನೇ ಸೂಚಿಸಿದರು. ಮಕ್ಕಳ ವೈದ್ಯರು ನಂಬಲಿಲ್ಲ. ಬಿ.ಪಿ. ಹೆಚ್ಚಿದ್ದರೆ ಮಾತ್ರೆ ಕೊಡಬೇಕು, ಗೊರಕೆಗೆ ಹೆದರಿ ಮಗುವಿನ ಕುತ್ತಿಗೆಗೆ ಯಾರಾದರೂ ತೂತು ಹಾಕುತ್ತಾರೆಯೇ? ಅವರನ್ನು ದೂರುವಂತಿಲ್ಲ. ನಾವು ನೀವು ಆ ಹುಡುಗನ ಅಜ್ಜ-ಅಜ್ಜಿಯಾಗಿದ್ದರೂ ಹಾಗೇ ಅನ್ನುತ್ತಿದ್ದೆವು. ಮಾತ್ರೆಗಳ ಮೇಲೆ ಮಾತ್ರೆ ಕೊಟ್ಟರು, ಬಿ.ಪಿ. ಹತೋಟಿಗೆ ಬರಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಹತ್ತೇ ದಿನದಲ್ಲಿ ಹುಡುಗನ ರಕ್ತದೊತ್ತಡ 90/60ಕ್ಕೆ ಇಳಿಯಿತು. ತೂಕಡಿಕೆ ಮಾಯವಾಯಿತು. ಮುಂದಿನ ಐದು ವರ್ಷವೂ ಅವನು ಹಾಗೇ ಚೆನ್ನಾಗಿದ್ದ.

1976ರಲ್ಲಿ ಗೀಮಿನೋ ಮತ್ತು ಸಂಗಡಿಗರು ಇಂಥ ಎಂಟು ಮಕ್ಕಳ ಬಗ್ಗೆ ಬರೆದರು. ಏಳು ಹುಡುಗರು, ಒಬ್ಬಳು ಹುಡುಗಿ. ವಯಸ್ಸು 5ರಿಂದ 14. ಎಲ್ಲರಿಗೂ ಜೋರು ಗೊರಕೆ, ನಡುನಡುವೆ ಮೌನ. ಶಾಲೆಯಲ್ಲಿ ಹಿಂದೆ ಬಿದ್ದವರು, ಬೆಳಿಗ್ಗೆ ತಲೆನೋವು ಎನ್ನುವವರು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದವರು ಅವರಲ್ಲಿದ್ದರು. ಇಂಥ ಮಕ್ಕಳಿಗೆ ಸೋಮಾರಿ, ದಡ್ಡ, ತುಂಟ ಎಂಬ ಪಟ್ಟ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು ನಮಗೆ ಗೊತ್ತಿರುವುದೇ. ಶಸ್ತ್ರಚಿಕಿತ್ಸೆಯಿಂದ ಇಂಥ ತೊಂದರೆಗಳು ಹೋಗಬಹುದು ಎಂದು ಅವರು ಬರೆದರು. ದೊಡ್ಡವರಲ್ಲಿ ಈ ಕಾಯಿಲೆಯನ್ನು ವಿವರಿಸಿ ‘ಸ್ಲೀಪ್ ಆಪ್ನಿಯಾ ಸಿಂಡ್ರೋಮ್’ ಎಂದು ಅವರು ಬರೆದ ಲೇಖನವೂ ಅದೇ ವರ್ಷದ್ದು. ಆಪ್ನಿಯಾ ಎಂದರೆ ಗ್ರೀಕ್ ಮಾತಿನಲ್ಲಿ ಉಸಿರಿಲ್ಲದಿರುವುದು.

ತಾತನಿಗೂ ಮೊಮ್ಮಗನಿಗೂ ಕಾಯಿಲೆ ಒಂದೇ ಆದರೂ ಅದು ಕಾಣಿಸುವ ಬಗೆ ಬೇರೆ. ತಾತ ಹಗಲಲ್ಲಿ ತೂಕಡಿಸುತ್ತಾರೆ. ಮಗು ಹಲವು ಸಲ ಅದಕ್ಕೆ ತಿರುಗುಮುರುಗು: ಕೂತಲ್ಲಿ ಕೂರದೆ, ಸಿಡುಕುತ್ತ, ಪಾಠಕ್ಕೆ ಗಮನ ಕೊಡದೆ ಕುಣಿಯುತ್ತದೆ. ದೊಡ್ಡವರಲ್ಲಿ ಕತ್ತಿನ ಸುತ್ತ ಕೊಬ್ಬು, ಚಿಕ್ಕ ದವಡೆ ಸಾಮಾನ್ಯ ಕಾರಣಗಳು. ಮಕ್ಕಳಲ್ಲಿ ಹೆಚ್ಚಾಗಿ ಊದಿದ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡೆನಾಯ್ಡ್. ಲೆಕ್ಕವೂ ಬೇರೆ. ದೊಡ್ಡವರಿಗೆ ಗಂಟೆಗೆ ಐದು ಸಲದೊಳಗೆ ಉಸಿರು ತಡೆದರೆ ಚಿಂತೆಯಿಲ್ಲ ಎನ್ನುತ್ತಾರೆ. ಮಕ್ಕಳಿಗೆ ಒಂದಕ್ಕಿಂತ ಹೆಚ್ಚಾದರೂ ವೈದ್ಯರು ಗಮನಿಸುತ್ತಾರೆ.

ಗಂಟಲಿಗೆ ತೂತು ಹಾಕುವ ಕಷ್ಟ ತಪ್ಪಿಸಿದವರು ಇನ್ನೊಬ್ಬರು, ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲಿವನ್. ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಎಳೆಯುವ ಬದಲು ಊದುವಂತೆ ಮಾಡಿ, ಮೂಗಿಗೆ ಮುಖವಾಡ ಕಟ್ಟಿ, ಮೆಲ್ಲನೆಯ ಗಾಳಿಯ ಒತ್ತಡದಿಂದಲೇ ಗಂಟಲನ್ನು ತೆರೆದಿಟ್ಟರು. ಐದು ರೋಗಿಗಳ ವಿವರ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದೇ ಇಂದಿನ ಸಿಪ್ಯಾಪ್ ಯಂತ್ರ. ಮಕ್ಕಳಿಗೆ ಬಹುಪಾಲು ಟಾನ್ಸಿಲ್, ಅಡೆನಾಯ್ಡ್ ತೆಗೆಸುವುದೇ ಮೊದಲ ಚಿಕಿತ್ಸೆ.

ಗೀಮಿನೋ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಚಿಕ್ಕಂದಿನಲ್ಲಿ ಟಾನ್ಸಿಲ್ ತೆಗೆಸಿಕೊಂಡು ಗುಣವಾದ ಕೆಲವರಿಗೆ ಹದಿವಯಸ್ಸಿನಲ್ಲಿ ತೊಂದರೆ ಮರಳಿದ್ದನ್ನು ಅವರು ಕಂಡರು. ಮುಖದ, ದವಡೆಯ ಬೆಳವಣಿಗೆಯ ಕಡೆಗೆ ಅವರ ನೋಟ ಹೊರಳಿತು. ಬಾಯಲ್ಲೇ ಉಸಿರಾಡುವ ಮಗುವಿನ ಅಂಗುಳು ಕಿರಿದಾಗಿಯೇ ಉಳಿಯಬಹುದೆಂದು, ದಂತವೈದ್ಯರ ಜೊತೆ ಕೂಡಿ ಅದನ್ನು ಅಗಲಿಸುವ ಚಿಕಿತ್ಸೆಯಲ್ಲೂ ಕೈಜೋಡಿಸಿದರು. 2019ರಲ್ಲಿ ತೀರಿಕೊಳ್ಳುವವರೆಗೂ ಮಕ್ಕಳ ಉಸಿರು ಅವರನ್ನು ಬಿಡಲಿಲ್ಲ.

ಈ ಪರೀಕ್ಷೆ ಈಗ ನಮ್ಮ ದೊಡ್ಡ ಊರುಗಳ ಆಸ್ಪತ್ರೆಗಳಲ್ಲೂ ಇದೆ. ಸೂಜಿಯಿಲ್ಲ, ನೋವಿಲ್ಲ. ತಲೆಗೆ, ಗದ್ದಕ್ಕೆ ತಂತಿ, ಎದೆಗೆ ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಆಮೇಲೆ ಮಲಗುವುದೇ ಕೆಲಸ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಯಾರೂ ಓಡಬೇಕಿಲ್ಲ. ವಾರದಲ್ಲಿ ಹೆಚ್ಚಿನ ರಾತ್ರಿ ಗೊರಕೆ ಇದ್ದು, ನಡುವೆ ಉಸಿರು ನಿಂತಂತೆ ಕಂಡರೆ, ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ತಾತನದಾದರೆ ಮೊಮ್ಮಗಳು ಹಿಡಿಯಲಿ. ಮೊಮ್ಮಗಳದಾದರೆ, ರಾತ್ರಿ ಎರಡು ಗಂಟೆಗೆ ಹೇಗೂ ಎಚ್ಚರವಾಗುವ ಅಜ್ಜಿ ಇದ್ದಾರಲ್ಲ!